ಸಂದು ಮುಚ್ಚುವ ಎರಡು ಅಂಟುಗಳು

ಮುಂಗಾರಿಗೆ ಮುನ್ನ ಮನೆಯ ಬಿರುಕು ಸಂದುಗಳನ್ನು ಮುಚ್ಚಿಸಿಕೊಳ್ಳುವುದು ಗೃಹಸ್ಥರ ವಾಡಿಕೆ. ಹಿರಿಯರು ಈ ಕಾರ್ಯವನ್ನು ಗಾರೆಯಿಂದ ನೆರವೇರಿಸುತ್ತಿದ್ದರು. ಕಿಟಕಿಯ ಗಾಜಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ನಾದಿದ ಪುಟ್ಟಿ ಬಂದಿತು. ಇಂದು ಅಂಗಡಿಗೆ ಹೋದರೆ ನೋಟಕ್ಕೆ ಒಂದೇ ಬಗೆಯ ಎರಡು ಕೊಳವೆಗಳನ್ನು ಮುಂದಿಡುತ್ತಾರೆ: ಒಂದು ಆಕ್ರಿಲಿಕ್ ಸೀಲಂಟ್, ಮತ್ತೊಂದು ಸಿಲಿಕೋನ್ ಸೀಲಂಟ್. ಅಗ್ಗವೆಂದು ಮೊದಲನೆಯದನ್ನೋ, ದುಬಾರಿಯಾದುದು ಉತ್ತಮವೇ ಇರಬೇಕೆಂದು ಎರಡನೆಯದನ್ನೋ ತರುವವರು ಬಹುಮಂದಿ. ಎರಡೂ ಎಣಿಕೆ ಸಲ್ಲದು. ಬೆಲೆಯನ್ನಲ್ಲ, ಎಡೆಯನ್ನು ನೋಡಿ ಆರಿಸಬೇಕು.

ಆಕ್ರಿಲಿಕ್ ಎಂಬುದು ನೀರಿನಲ್ಲಿ ಬೆರೆತ ರಾಳ. ನೀರು ಆರಿಹೋದಂತೆ ಅದು ಗಟ್ಟಿಯಾಗುತ್ತದೆ. ಹಾಗೆಯೇ ತುಸು ಕುಗ್ಗುತ್ತದೆ. ಕೈಗೆ ಅಂಟಿದರೆ ಒಣಗುವ ಮೊದಲು ನೀರಿನಿಂದ ತೊಳೆಯಬಹುದು, ಒಣಗಿದ ಮೇಲೆ ಬಣ್ಣ ಬಳಿಯಬಹುದು. ಸಿಲಿಕೋನಿನ ನಡೆ ಬೇರೆ. ಅದು ಗಾಳಿಯಲ್ಲಿರುವ ತೇವವನ್ನು ಹೀರಿ ರಬ್ಬರಿನಂತಾಗುತ್ತದೆ. ಆಮೇಲೆ ಬಿಸಿಲಿಗೂ ನೀರಿಗೂ ಸುಲಭವಾಗಿ ಜಗ್ಗದು. ಸಂದು ಹಿಗ್ಗಿದರೆ ತಾನೂ ಹಿಗ್ಗುವುದು. ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಗೋಡೆಯ ಬಿರುಕಿಗೆ ಸಿಲಿಕೋನ್ ತುಂಬಿಸಿ ಸುಣ್ಣಬಣ್ಣ ಮಾಡಿಸಿದವರ ಮನೆಯಲ್ಲಿ ಆ ಗೆರೆಯೊಂದೇ ಬಣ್ಣವನ್ನು ಉಗುಳಿ ಎದ್ದು ಕಾಣುತ್ತದೆ.

ಆದುದರಿಂದ ಬಾಗಿಲ ಚೌಕಟ್ಟಿಗೂ ಗಿಲಾವಿಗೂ ನಡುವಣ ಸಂದು, ಒಳಗೋಡೆಯ ಸಣ್ಣ ಸೀಳು, ಇವಕ್ಕೆ ಆಕ್ರಿಲಿಕ್ ಸಾಕು. ಅಡಿಗೆಮನೆಯ ಸಿಂಕು, ಬಚ್ಚಲುಮನೆಯ ಮೂಲೆ, ವಾಶ್‌ಬೇಸಿನ್ನಿನ ಅಂಚು, ಬಿಸಿಲುಮಳೆಗೆ ಒಡ್ಡಿದ ಕಿಟಕಿಯ ಗಾಜು, ಇವಕ್ಕೆ ಸಿಲಿಕೋನೇ ತಕ್ಕುದು. ಸದಾ ತೇವವಿರುವಲ್ಲಿ ಬೂಷ್ಟು ತಡೆಯುವ ಮದ್ದು ಬೆರೆಸಿದ ಸ್ಯಾನಿಟರಿ ಬಗೆಯನ್ನು ಕೇಳಿ ತರಬೇಕು. ಮೀನಿನ ಗಾಜಿನ ತೊಟ್ಟಿಗೆ ಮಾತ್ರ ಇದು ಸಲ್ಲದು. ಆ ಮದ್ದು ಮೀನಿಗೆ ವಿಷ.

ಕಲ್ಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅಂಗಡಿಯವರು ಇದನ್ನು ಹೇಳುವುದು ಅಪರೂಪ. ಸಿಲಿಕೋನಿನಲ್ಲಿಯೇ ಎರಡು ಬಗೆಯುಂಟು. ಒಂದು ಗಟ್ಟಿಯಾಗುವಾಗ ವಿನೆಗರಿನ ಹುಳಿವಾಸನೆ ಬೀರುತ್ತದೆ. ಅದು ಹೊರಬಿಡುವುದು ಅಸಿಟಿಕ್ ಆಮ್ಲವನ್ನೇ. ಗಾಜಿಗೂ ಹೊಳಪಿನ ಟೈಲ್ಸಿಗೂ ಅದು ಒಳ್ಳೆಯದು. ಆದರೆ ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು, ಅಡಿಗೆಕಟ್ಟೆಯ ಕಡಪಾ ಕಲ್ಲು, ಇವೆರಡೂ ಸುಣ್ಣದಕಲ್ಲಿನ ಜಾತಿಯವು. ಅಮೃತಶಿಲೆಯೂ ಅಷ್ಟೇ. ಅದರ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹಾರಿಹೋಗುವುದನ್ನು ತಾಯಂದಿರು ಬಲ್ಲರು; ಇಲ್ಲಿಯೂ ಕಾರಣ ಅದೇ. ಸಿಮೆಂಟಿನ ಮೈಗೂ ತಾಮ್ರ, ಸತುವು ಲೇಪಿಸಿದ ತಗಡು, ಕನ್ನಡಿಯ ಬೆನ್ನಿನ ಲೇಪ ಇವಕ್ಕೂ ಈ ಆಮ್ಲ ಆಗದು. ಇಂಥಲ್ಲೆಲ್ಲ ‘ನ್ಯೂಟ್ರಲ್’ ಎಂದು ಮುದ್ರಿಸಿರುವ ಕೊಳವೆಯನ್ನೇ ಆರಿಸಿಕೊಳ್ಳತಕ್ಕದ್ದು. ಕಲ್ಲಿಗಾದರೆ ಅದರಲ್ಲಿಯೂ ಕಲೆ ಬಿಡದ, ಕಲ್ಲಿಗೆಂದೇ ತಯಾರಿಸಿದ್ದನ್ನು ಕೇಳುವುದು ಮೇಲು. ಬೆಲೆ ತುಸು ಹೆಚ್ಚಾದೀತು. ಕೆಟ್ಟ ಕಲ್ಲನ್ನು ಕಿತ್ತು ಹಾಸುವ ಕೂಲಿಯ ಮುಂದೆ ಅದು ಏನೂ ಅಲ್ಲ.

ಹಳೆಯ ಸಿಲಿಕೋನಿನ ಮೇಲೆ ಹೊಸದನ್ನು ಬಳಿಯುವ ಕೆಲಸಗಾರರಿದ್ದಾರೆ. ಅವರನ್ನು ತಡೆಯಬೇಕು. ಗಟ್ಟಿಯಾದ ಸಿಲಿಕೋನಿಗೆ ಆಕ್ರಿಲಿಕ್ ಹಿಡಿಯದು, ಹೊಸ ಸಿಲಿಕೋನೂ ಭದ್ರವಾಗಿ ಕೂಡದು. ಹಳೆಯದನ್ನು ಅಲಗಿನಿಂದ ಪೂರ್ಣ ಹೆರೆದು, ಜಿಡ್ಡು ಒರಸಿ, ಸಂದನ್ನು ಚೆನ್ನಾಗಿ ಒಣಗಲು ಬಿಡುವುದು ಮುಖ್ಯ. ತುಂಬಿದ ಮೇಲೆ ಮೇಲ್ಪದರ ಅರ್ಧ ಗಂಟೆಯೊಳಗೇ ಕೆನೆಗಟ್ಟುತ್ತದೆ. ಒಳಭಾಗ ದಿನಕ್ಕೆ ಸುಮಾರು 2ರಿಂದ 3 ಮಿಲಿಮೀಟರಿನಷ್ಟು ಮಾತ್ರ ಗಟ್ಟಿಯಾಗುವುದು. ಒಣಹವೆಯ ಬೇಸಿಗೆಯಲ್ಲಿ ಇನ್ನೂ ನಿಧಾನ. ಆ ತನಕ ಬಚ್ಚಲಿಗೆ ನೀರು ಬಿಡಬಾರದು. 280 ಮಿಲಿಲೀಟರಿನ ಒಂದು ಕೊಳವೆ 6 ಮಿಲಿಮೀಟರ್ ಅಗಲ, ಅಷ್ಟೇ ಆಳದ ಸಂದಿನಲ್ಲಿ ಏಳೂವರೆ ಮೀಟರಿನಷ್ಟು ಬರುತ್ತದೆಯೆಂದು ಲೆಕ್ಕವಿಟ್ಟುಕೊಂಡರೆ ಎಷ್ಟು ಕೊಳವೆ ತರಿಸಬೇಕೆಂಬುದು ತಿಳಿಯುತ್ತದೆ.

ಎರಡೂ ಅಂಟುಗಳು ಕೈಲಾಗದೆನ್ನುವ ಎಡೆಗಳೂ ಇವೆ. ಮೇಲಿನ ಬಚ್ಚಲಿನಿಂದ ಕೆಳಗಿನ ಛಾವಣಿಗೆ ನೀರು ಜಿನುಗುತ್ತಿದ್ದರೆ ಕೆಟ್ಟಿರುವುದು ಬಹುಶಃ ಟೈಲ್ಸಿನ ಅಡಿಯ ನೀರುತಡೆಯ ಪದರ ಅಥವಾ ಕೊಳಾಯಿಯ ಕೀಲು. ಮೇಲಿನ ಅಂಚಿಗೆ ಅಂಟು ಬಳಿದು ಸುಮ್ಮನಾದರೆ ನೀರು ಒಳಗೇ ಹರಿದು ಕಾಂಕ್ರೀಟಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಚೂರುಗಳು ಕೆಳಗೆ ಮಲಗಿದವರ ಮೇಲೆ ಕಳಚಿ ಬೀಳುವುದುಂಟು. ಹಾಗೆಯೇ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ತಳಪಾಯ ಕುಸಿದುದರ ಕುರುಹಾಗಿರಬಹುದು. ಅದರ ಎರಡು ತುದಿಗಳಿಗೂ ಸೀಸದಕಡ್ಡಿಯಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದಿಡಿರಿ. ಎರಡು ಮೂರು ತಿಂಗಳಲ್ಲಿ ಬಿರುಕು ಗುರುತನ್ನು ದಾಟಿದ್ದರೆ ಅಂಗಡಿಗಲ್ಲ, ಇಂಜಿನಿಯರರ ಬಳಿಗೆ ಹೋಗತಕ್ಕದ್ದು.