ಹನ್ನೆರಡು ತಲೆ ಎಣಿಸಿದರೆ ಪರೀಕ್ಷೆಯಾಯಿತೇ?

ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಸ್ವಂತ ಹೆಸರಿನ ಹೊಸ ಖಾತೆ ತೆರೆದು ಆ್ಯಪ್ ಬಿಡುಗಡೆ ಮಾಡಲು ಹೊರಟವರು ಮೊದಲು 12 ಮಂದಿ ಪರೀಕ್ಷಕರನ್ನು ಒಟ್ಟುಹಾಕಬೇಕು. ಅಷ್ಟೂ ಮಂದಿ ಸತತ 14 ದಿನ ಬೀಟಾ ಪರೀಕ್ಷೆಯ ಪಟ್ಟಿಯಲ್ಲಿ ಉಳಿದಿರಬೇಕು. ಬಿಡುಗಡೆಗೆ ಅರ್ಜಿ ಹಾಕುವುದು ಆಮೇಲಿನ ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಈ ನಿಯಮ ಅನ್ವಯಿಸುತ್ತದೆ. ಆರಂಭದಲ್ಲಿ 20 ಮಂದಿ ಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಸಂಖ್ಯೆಯನ್ನು 12ಕ್ಕೆ ಇಳಿಸಲಾಯಿತು. ಕಂಪನಿಯ ಹೆಸರಿನಲ್ಲಿ ಖಾತೆ ತೆರೆದವರಿಗೆ ಈ ರಗಳೆಯೇ ಇಲ್ಲ.

ಉದ್ದೇಶ ಸರಿಯಾದದ್ದೇ. ಅರೆಬೆಂದ ಆ್ಯಪ್‌ಗಳು ಜನರ ಫೋನ್ ಸೇರುವ ಮೊದಲು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬುದನ್ನು ಯಾರೂ ಬೇಡ ಎನ್ನಲಾರರು. ಆದರೆ ಎಣಿಕೆಯೇ ಅರ್ಹತೆಯಾದರೆ ಎಣಿಕೆಯನ್ನು ಒದಗಿಸುವ ದಂಧೆಯೂ ಹುಟ್ಟಿಕೊಳ್ಳುತ್ತದೆ. ದುಡ್ಡು ಕೊಟ್ಟರೆ ಹನ್ನೆರಡು ಪರೀಕ್ಷಕರನ್ನು ಹೊಂದಿಸಿಕೊಡುವವರು ಅಂತರ್ಜಾಲದ ತುಂಬ ಇದ್ದಾರೆ. ದುಡ್ಡಿಲ್ಲದವರಿಗೆ ಮುಯ್ಯಿ ಲೆಕ್ಕದ ಗುಂಪುಗಳಿವೆ: ನನ್ನ ಆ್ಯಪ್ ನೀನು ಹಾಕಿಕೋ, ನಿನ್ನದನ್ನು ನಾನು ಹಾಕಿಕೊಳ್ಳುತ್ತೇನೆ. ದಿನಕ್ಕೊಮ್ಮೆ ತೆರೆದು ಮುಚ್ಚಿದರೆ ಋಣ ತೀರಿತು. ಹದಿನಾಲ್ಕು ದಿನ ಕಳೆದರೂ ಒಂದು ದೋಷವೂ ಬೆಳಕಿಗೆ ಬಂದಿರುವುದಿಲ್ಲ.

ಹಾಗಾದರೆ ಹೊರಗಿನ ಪರೀಕ್ಷಕರಿಂದ ಆಗಬೇಕಾದ ಕೆಲಸವೇನು? ಕನ್ನಡದ ಆ್ಯಪ್ ಒಂದನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಬಟನ್‌ನಲ್ಲಿ ನಮ್ಮ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ‘ಸೇವ್’ ಎಂಬ ಎರಡಕ್ಷರದ ಜಾಗದಲ್ಲಿ ‘ಉಳಿಸಿಕೊಳ್ಳಿ’ ಎಂದು ಬರೆದರೆ ಪದ ಅರ್ಧಕ್ಕೇ ನಿಲ್ಲುತ್ತದೆ. ತಂದೆಯ ಹೆಸರು, ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಂಡವರ ಮುಂದೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂಬ ಕೆಂಪು ಗೆರೆ ಕುಣಿಯುತ್ತದೆ. ಮಲೆನಾಡಿನ ತಿರುವಿನಲ್ಲಿ ಸಿಗ್ನಲ್ ಹೋಗಿ ಒಟಿಪಿ ತಡವಾಗಿ ಬಂದರೆ ತುಂಬಿದ ಅರ್ಜಿಯೆಲ್ಲ ಮಾಯ. ಬೆಂಗಳೂರಿನ ಕಚೇರಿಯಲ್ಲಿ ಹೊಸ ಫೋನು, ವೇಗದ ವೈಫೈ ಇಟ್ಟುಕೊಂಡು ಕೂತವರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಹಳೆಯ ಫೋನಿನಲ್ಲಿ ಫಾಂಟ್ ದೊಡ್ಡದು ಮಾಡಿಕೊಂಡು ಓದುವ ನಿವೃತ್ತ ಶಿಕ್ಷಕಿಯೊಬ್ಬರು ಅರ್ಧ ಗಂಟೆಯಲ್ಲಿ ಹಿಡಿದುಕೊಡುವ ದೋಷಗಳನ್ನು ಮುಯ್ಯಿಗೆ ಬಂದ ಹನ್ನೆರಡು ಮಂದಿ ಎರಡು ವಾರ ಕೂತರೂ ಹಿಡಿಯಲಾರರು.

ಆ್ಯಪಲ್‌ನ ದಾರಿ ಬೇರೆ. ಅದು 2014ರಲ್ಲಿ ಖರೀದಿಸಿದ ಟೆಸ್ಟ್‌ಫ್ಲೈಟ್ ಎಂಬ ಬೀಟಾ ಪರೀಕ್ಷಾ ಸೇವೆಯ ಮೂಲಕ ಒಂದು ಆ್ಯಪ್ ಅನ್ನು 10,000 ಹೊರಗಿನ ಪರೀಕ್ಷಕರಿಗೆ ಹಂಚಬಹುದು. ಪ್ರತಿ ಬೀಟಾ ಆವೃತ್ತಿಯ ಆಯುಷ್ಯ 90 ದಿನ. ಹೊರಗಿನವರಿಗೆ ಕಳಿಸುವ ಮೊದಲ ಆವೃತ್ತಿಯನ್ನು ಆ್ಯಪಲ್ ಒಮ್ಮೆ ಪರಿಶೀಲಿಸುತ್ತದೆ. ಬಹಿರಂಗ ಲಿಂಕ್ ಒಂದನ್ನು ಸೃಷ್ಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಟ್ಟರೆ ಇಮೇಲ್ ವಿಳಾಸ ಕೇಳುವ ಗೋಜೂ ಇಲ್ಲ.

ಈ ಸಲೀಸು ದಾರಿ ವಂಚಕರಿಗೂ ಹಿಡಿಸಿತು. ಸೈಬರ್ ಭದ್ರತಾ ಸಂಸ್ಥೆ ಸೋಫೋಸ್ 2022ರಲ್ಲೇ ಈ ದುರ್ಬಳಕೆಯನ್ನು ಬಯಲಿಗೆಳೆದಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಬಿಐ ಬೀಟಾ ಆ್ಯಪ್‌ಗಳ ಹೆಸರಿನ ಮೋಸದ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಸ್ನೇಹ ಬೆಳೆಸಿ, ಪ್ರೀತಿಯ ಮಾತಾಡಿ, ‘ಹೂಡಿಕೆ ಆ್ಯಪ್ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಆಯ್ದವರಿಗೆ ಮಾತ್ರ’ ಎಂದು ಲಿಂಕ್ ಕಳಿಸುತ್ತಾರೆ. ಟೆಸ್ಟ್‌ಫ್ಲೈಟ್ ಅಸಲಿ, ಆ್ಯಪಲ್‌ನದೇ. ಅದರ ಮೂಲಕ ಇಳಿಯುವ ಆ್ಯಪ್ ಮಾತ್ರ ನಕಲಿ. ತೆರೆಯ ಮೇಲೆ ಲಾಭದ ಅಂಕಿ ಏರುತ್ತಲೇ ಇರುತ್ತದೆ, ಹಣ ಹಿಂಪಡೆಯಲು ಹೊರಟಾಗ ‘ತೆರಿಗೆ ಕಟ್ಟಿ’ ಎಂಬ ಬೇಡಿಕೆ ಬರುತ್ತದೆ.

ದೊಡ್ಡ ಕಂಪನಿಗಳ ಕೈಯೂ ಶುದ್ಧವಲ್ಲ. ಹದಿಹರೆಯದವರೂ ಸೇರಿ 13ರಿಂದ 35 ವರ್ಷದವರಿಗೆ ತಿಂಗಳಿಗೆ 20 ಡಾಲರ್‌ವರೆಗೆ ಕೊಟ್ಟು, ಅವರ ಫೋನ್ ಚಟುವಟಿಕೆಯನ್ನೆಲ್ಲ ನೋಡಬಲ್ಲ ಆ್ಯಪ್ ಅನ್ನು ಫೇಸ್‌ಬುಕ್ ಬೀಟಾ ಪರೀಕ್ಷಾ ಸೇವೆಗಳ ಮೂಲಕ ಹಂಚಿದ್ದು 2019ರ ಜನವರಿಯಲ್ಲಿ ಬಯಲಾಯಿತು. ಇದಕ್ಕೆ ಬಳಸಿದ್ದ, ಫೇಸ್‌ಬುಕ್ ಸಿಬ್ಬಂದಿಯ ಒಳಬಳಕೆಗೆಂದು ಮಾತ್ರ ಕೊಟ್ಟಿದ್ದ ಪ್ರಮಾಣಪತ್ರವನ್ನು ಆ್ಯಪಲ್ ರದ್ದು ಮಾಡಬೇಕಾಯಿತು.

ಗೂಗಲ್, ಆ್ಯಪಲ್‌ಗಳ ಎರಡೂ ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೊರೆ ಬಿದ್ದಿರುವುದು ತಪ್ಪು ಹೆಗಲ ಮೇಲೆ ಎಂಬುದು ಗೊತ್ತಾಗುತ್ತದೆ. ಧಾರವಾಡದಲ್ಲೋ ಮಂಗಳೂರಿನಲ್ಲೋ ಕೂತು ನಿಘಂಟಿನ ಆ್ಯಪ್ ಮಾಡುವ ವಿದ್ಯಾರ್ಥಿ ಹನ್ನೆರಡು ಹೆಸರಿಗೆ ಅಲೆಯಬೇಕು. ವಂಚಕರ ಜಾಲಕ್ಕೆ ಹನ್ನೆರಡು ಹೆಸರು ಯಾವ ಲೆಕ್ಕ? ಗೂಗಲ್ ತಲೆ ಎಣಿಸುವುದನ್ನು ಬಿಟ್ಟು, ಪರೀಕ್ಷಕರು ಏನು ವರದಿ ಮಾಡಿದರು, ಡೆವಲಪರ್ ಯಾವುದನ್ನು ತಿದ್ದಿದರು ಎಂಬುದನ್ನೇ ಮುಖ್ಯ ಅಳತೆಗೋಲು ಮಾಡಿಕೊಳ್ಳಲಿ. ನಾಲ್ವರು ಮನಸ್ಸಿಟ್ಟು ನೋಡಿದ್ದರೆ ಸಾಕು. ಆ್ಯಪಲ್ ಕೂಡ ಹಣ ಹೂಡಿಕೆಯ ಆ್ಯಪ್‌ಗಳಿಗೆ ಬಹಿರಂಗ ಲಿಂಕ್ ಕೊಡುವ ಮೊದಲು ಆಯಾ ದೇಶದ ನಿಯಂತ್ರಕರ ನೋಂದಣಿಯನ್ನು ಕೇಳಲಿ, ನಮ್ಮಲ್ಲಾದರೆ ಸೆಬಿಯದು.

ಬಳಕೆದಾರರಿಗೂ ಒಂದು ಮಾತು: ಟೆಸ್ಟ್‌ಫ್ಲೈಟ್‌ನಲ್ಲಿ ಪರೀಕ್ಷಿಸುವಾಗ ಆ್ಯಪ್‌ನೊಳಗಿನ ಖರೀದಿಗೆ ಆ್ಯಪಲ್ ಹಣ ಕಡಿತ ಮಾಡುವುದಿಲ್ಲ. ಬೀಟಾ ಆ್ಯಪ್ ಒಂದು ನಿಮ್ಮ ಬ್ಯಾಂಕ್ ಖಾತೆಯಿಂದ ದುಡ್ಡು ಹಾಕಿ ಎಂದು ಕೇಳಿದರೆ ಕೂಡಲೇ ಅಳಿಸಿಹಾಕಿ. ಈಗಾಗಲೇ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.