ತಾಲ್ಲೂಕು ಆಸ್ಪತ್ರೆಯ ಹೃದಯಾಘಾತವೂ ಸಂಶೋಧನೆಯ ಲೆಕ್ಕಕ್ಕೆ ಬರಲಿ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹೃದಯಾಘಾತದಿಂದ ಬದುಕುಳಿದವರು ಹಾಗೂ ಮನೆಯವರನ್ನು ಕಳೆದುಕೊಂಡವರು ಸಲ್ಲಿಸುವ ಹಕ್ಕೊತ್ತಾಯ ಪತ್ರ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮುಂದೆ ನಿಂತು ನಡೆಸಿದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 20,468 ಹೃದ್ರೋಗಿಗಳ ಮಾಹಿತಿ ಅದರಲ್ಲಿತ್ತು. ಬಡವರಿಗೆ ಸರಿಯಾದ ಚಿಕಿತ್ಸೆ ಸಿಗುವುದು ಕಡಿಮೆ, ಅವರಲ್ಲಿ ಸಾವು ಹೆಚ್ಚು ಎಂದು ಅದು ತೋರಿಸಿತು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಚಿಕಿತ್ಸೆ ಪಡೆದವರು ಮುಂದೇನಾದರು ಎಂಬುದು ಗೊತ್ತಾಗದಿದ್ದರೆ ಯೋಜನೆ ಸುಧಾರಿಸುವುದಿಲ್ಲ. ಆದ್ದರಿಂದ ಒತ್ತಾಯಿಸುತ್ತೇವೆ:

1. ಆಸ್ಪತ್ರೆ ಸರ್ಕಾರಿಯಿರಲಿ, ಖಾಸಗಿಯಿರಲಿ, ಪ್ರತಿ ಹೃದಯಾಘಾತವೂ ಒಂದೇ ರಾಜ್ಯ ನೋಂದಣಿಯಲ್ಲಿ ದಾಖಲಾಗಲಿ. ಎದೆನೋವು ಶುರುವಾದ ಹೊತ್ತು, ಇಸಿಜಿ ತೆಗೆದ ಹೊತ್ತು, ಚುಚ್ಚುಮದ್ದು ಕೊಟ್ಟ ಹೊತ್ತು, ತಿಂಗಳ ನಂತರ ಮತ್ತು ವರ್ಷದ ನಂತರ ರೋಗಿಯ ಸ್ಥಿತಿ, ಇಷ್ಟು ಸಾಕು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಭೀತಿ ಹುಟ್ಟಿಸಿದಾಗ ತಜ್ಞರ ಸಮಿತಿ ರಚಿಸಬೇಕಾಯಿತು. ವರ್ಷವರ್ಷದ ಲೆಕ್ಕ ಕೈಯಲ್ಲಿದ್ದಿದ್ದರೆ ಜನರಿಗೆ ಬೇಗ ಉತ್ತರ ಸಿಗುತ್ತಿತ್ತು.

2. ಆ ನೋಂದಣಿಯ ಮೇಲೆಯೇ ಕಡಿಮೆ ಖರ್ಚಿನ ಪ್ರಯೋಗಗಳು ನಡೆಯಲಿ. ಆಂಜಿಯೋಪ್ಲಾಸ್ಟಿಗೆ ಮುನ್ನ ರಕ್ತದ ಹೆಪ್ಪನ್ನು ಹೀರಿ ತೆಗೆಯುವುದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ಸ್ವೀಡನ್ 7,244 ರೋಗಿಗಳಲ್ಲಿ ಕಂಡುಕೊಂಡದ್ದು ಹೀಗೆಯೇ (2013). ನಮ್ಮ ಮುಂದೆಯೂ ಪ್ರಶ್ನೆಗಳಿವೆ. ಈ ಚುಚ್ಚುಮದ್ದನ್ನು ಪರೀಕ್ಷಿಸಿದ ‘ಸ್ಟ್ರೀಮ್’ ಪ್ರಯೋಗದಲ್ಲಿ ಮಿದುಳಿನ ರಕ್ತಸ್ರಾವ ಕಂಡು, 75 ವರ್ಷ ತುಂಬಿದವರಿಗೆ ಟೆನೆಕ್ಟೆಪ್ಲೇಸ್ ಪ್ರಮಾಣವನ್ನು ಮಧ್ಯದಲ್ಲೇ ಅರ್ಧಕ್ಕೆ ಇಳಿಸಿದರು. ಮೈಯಲ್ಲಿ ಕಸುವಿಲ್ಲದ, ಸಣಕಲು ದೇಹದ ನಮ್ಮ ಹಿರಿಯರಿಗೆ ಎಷ್ಟು ಪ್ರಮಾಣ ಸರಿ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು.

3. ಅದೇ ‘ಸ್ಟ್ರೀಮ್’ ಪ್ರಯೋಗದಲ್ಲಿ ಚುಚ್ಚುಮದ್ದು ಫಲಿಸಿದವರಿಗೂ 6ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಲಾಗುತ್ತಿತ್ತು. ಫಲಿಸದವರಿಗೆ ತಕ್ಷಣ. ಬರೀ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸುವುದು ಅರ್ಧ ಚಿಕಿತ್ಸೆ. ಆಂಜಿಯೋಗ್ರಾಂ ಮಾಡುವ ಕ್ಯಾತ್‌ಲ್ಯಾಬ್ ಇರುವ ಆಸ್ಪತ್ರೆಗೆ ಆಂಬುಲೆನ್ಸ್ ಮತ್ತು ಅಲ್ಲೊಂದು ಹಾಸಿಗೆ, ಎರಡೂ ಖಾತ್ರಿಯಾಗಲಿ.

4. ಹೆಂಗಸರು ಮತ್ತು 40ರೊಳಗಿನವರ ಫಲಿತಾಂಶ ಪ್ರತ್ಯೇಕವಾಗಿ ಪ್ರಕಟವಾಗಲಿ.

5. ಎದೆ ಹಿಡಿದುಕೊಂಡು ನರಳುವವರ ಮುಂದೆ ಇಂಗ್ಲಿಷ್ ಕಾಗದ ಚಾಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಪ್ರಯೋಗಕ್ಕೆ ಕೊಟ್ಟ ಒಪ್ಪಿಗೆಯಲ್ಲ. ರೋಗಿಯ ಮಾತಿನಲ್ಲೇ ಚುಟುಕಾಗಿ ಹೇಳಿ; ಚೇತರಿಸಿಕೊಂಡ ಮೇಲೆ ಮನೆಯವರನ್ನು ಕೂರಿಸಿಕೊಂಡು ಮತ್ತೆ ವಿವರಿಸಿ. ಬೇಡವೆಂದರೆ ಚಿಕಿತ್ಸೆಯಲ್ಲಿ ಕೊರತೆಯಾಗಬಾರದು.

6. ಸ್ಟೆಂಟ್‌ಗಳ ಬೆಲೆಗೆ 2017ರಲ್ಲಿ ಮಿತಿ ಬಂತು. ಗುಣಮಟ್ಟದ ಮೇಲೂ ಕಣ್ಣಿರಲಿ. ಭಾರಿ ಭರವಸೆ ಹುಟ್ಟಿಸಿದ್ದ ಕರಗುವ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಕಂಡುಬಂದದ್ದು ವರ್ಷಗಟ್ಟಲೆ ಗಮನಿಸಿದ ಮೇಲೆ. ಹಾಕಿದ ಸ್ಟೆಂಟ್‌ನ ಹೆಸರು, ಬ್ಯಾಚ್ ಸಂಖ್ಯೆ ನೋಂದಣಿಯಲ್ಲಿರಲಿ.

7. ಪ್ರಯೋಗ ಗೆದ್ದರೂ ಸೋತರೂ ಫಲಿತಾಂಶ ಹೊರಬರಲಿ. ಭಾಗವಹಿಸಿದವರಿಗೆ ಕನ್ನಡದಲ್ಲಿ ತಲುಪಲಿ.

ಇದಕ್ಕೆಲ್ಲ ಮುಂದಿನ ಬಜೆಟ್‌ನಲ್ಲೇ ಹಣ ಇಡಿ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ದಾಖಲಿಸಲೆಂದೇ ಒಬ್ಬರನ್ನು ನೇಮಿಸಿ. ರಾತ್ರಿ ಪಾಳಿಯ ನರ್ಸ್ ಮೇಲೆ ಆ ಕೆಲಸವನ್ನೂ ಹೇರಬೇಡಿ.