ಮಿಸಾಕಿ ಯಾಕೆ ನಾಚಬೇಕು?

ಹೋದ ವಾರ ಊಟದ ಬಿಡುವಿನಲ್ಲಿ ನಮ್ಮ ಬೆಂಚಿನಲ್ಲಿ ದೊಡ್ಡ ವಾದ ನಡೆಯಿತು. ‘ಕೈಚೋ ವಾ ಮೇಡ್ ಸಾಮಾ’ ಎಂಬ ಜಪಾನಿ ಅನಿಮೆಯ ನಾಯಕಿ ಮಿಸಾಕಿ ಅಯುಜಾವಾ ನಿಜವಾಗಿಯೂ ಗಟ್ಟಿಗಿತ್ತಿಯೋ, ಬರೀ ಬಾಯಿಜೋರಿನವಳೋ ಎಂಬುದೇ ವಿಷಯ. ಬೆಲ್ ಹೊಡೆದದ್ದರಿಂದ ನನ್ನ ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ನೋಡದವರಿಗೆ ಮೊದಲು ಕಥೆ ಹೇಳಿಬಿಡುತ್ತೇನೆ. ನಮ್ಮ ಉಪನ್ಯಾಸಕರು ಇದನ್ನು ಓದುತ್ತಾರೆಂದು ಗೊತ್ತು. ನನ್ನ ಅಮ್ಮಿಯೂ ಓದಿಸಿ ಕೇಳುತ್ತಾರೆ. “ಇತ್ತೀ ಬಡೀ ಹೋಕೂ ಕಾರ್ಟೂನ್ ದೇಖ್ತೀ ಕ್ಯಾ?” ಎಂದು, ಇಷ್ಟು ದೊಡ್ಡವಳಾಗಿ ಕಾರ್ಟೂನ್ ನೋಡುತ್ತೀಯಾ ಎಂದು, ಬೈದವರು ಅವರೇ. ಹಿರೋ ಫುಜಿವಾರಾ ಎಂಬವರು ಬರೆದ ಮಾಂಗಾ, ಅಂದರೆ ಚಿತ್ರಕಥೆ ಪುಸ್ತಕ, ಇದರ ಮೂಲ. ಅದು 18 ಸಂಪುಟ ಇದೆ. ಅನಿಮೆ 2010ರಲ್ಲಿ ಬಂತು, 26 ಕಂತು. ಸೇಯ್ಕಾ ಎಂಬ ಹೈಸ್ಕೂಲು ಮೊದಲು ಹುಡುಗರದ್ದೇ ಆಗಿತ್ತು. ಈಗ ಹುಡುಗಿಯರನ್ನೂ ಸೇರಿಸಿಕೊಂಡಿದ್ದಾರೆ, ಆದರೆ ಹುಡುಗರೇ ಜಾಸ್ತಿ, ಗಲಾಟೆಯೂ ಅವರದ್ದೇ. ಅಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾದ ಮೊದಲ ಹುಡುಗಿ ಮಿಸಾಕಿ. ಶಿಸ್ತಿಲ್ಲದ ಹುಡುಗರನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಗದರುತ್ತಾಳೆ. ಸಾಯಂಕಾಲ ಮಾತ್ರ ಬೇರೆ ಊರಿನ ‘ಮೇಡ್ ಲಾತ್ತೆ’ ಎಂಬ ಹೋಟೆಲಿನಲ್ಲಿ ಏಪ್ರನ್ ಕಟ್ಟಿಕೊಂಡು, ಬಂದ ಗಿರಾಕಿಗಳಿಗೆ ಯಜಮಾನರೇ ಎಂದು ಬಗ್ಗಿ ನಮಸ್ಕರಿಸುವ ಕೆಲಸ. ಅಪ್ಪ ಸಾಲ ಮಾಡಿ ಮನೆ ಬಿಟ್ಟು ಹೋಗಿದ್ದಾನೆ, ಅಮ್ಮನ ಆರೋಗ್ಯ ಅಷ್ಟಕ್ಕಷ್ಟೆ. ತಂಗಿ ಸುಜುನಾ ಲಕ್ಕಿ ಡ್ರಾಗಳಿಗೆ ಚೀಟಿ ಕಳಿಸಿ ಮನೆಗೆ ಸಾಮಾನು ಗೆದ್ದು ತರುತ್ತಾಳೆ. (ನನಗೆ ಬಹಳ ಇಷ್ಟವಾದ ಪಾತ್ರ ಅವಳೇ, ಆದರೆ ಅದು ಬೇರೆ ಲೇಖನ.)

ಮಿಸಾಕಿಯ ಈ ಗುಟ್ಟು ಅದೇ ಶಾಲೆಯ ತಕುಮಿ ಉಸುಯಿಗೆ ತಿಳಿಯುತ್ತದೆ. ಅಲ್ಲಿಂದ ಪ್ರೇಮಕಥೆ ಶುರು.

ನನ್ನ ಗೆಳತಿ ಹೇಳಿದ್ದು, ಇದು ನಮ್ಮ ಹಳೇ ಕನ್ನಡ ಸಿನಿಮಾದ ಬಜಾರಿ ನಾಯಕಿಯ ಕಥೆಯೇ ಎಂದು. ನಾನು ಒಪ್ಪುವುದಿಲ್ಲ. ‘ನಂಜುಂಡಿ ಕಲ್ಯಾಣ’ದಲ್ಲಿ ಸೊಕ್ಕಿನ ನಾಯಕಿಯನ್ನು ಮದುವೆಯಾದವನು ದಾರಿಗೆ ತರುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಉಸುಯಿ ಮಿಸಾಕಿಯನ್ನು ಬಗ್ಗಿಸುವುದಿಲ್ಲ. ಅಧ್ಯಕ್ಷಗಿರಿ ಬಿಡು ಎನ್ನುವುದಿಲ್ಲ, ಗುಟ್ಟನ್ನು ಊರಿಗೆಲ್ಲ ಹೇಳುವುದೂ ಇಲ್ಲ. ಹಾಗಂತ ಅವನು ನನಗೆ ಪೂರ್ತಿ ಇಷ್ಟವಾದ ಎಂದಲ್ಲ. ಕೇಳದೆ ಹತ್ತಿರ ಬರುತ್ತಾನೆ, ಹೋದಲ್ಲೆಲ್ಲ ಹಿಂಬಾಲಿಸುತ್ತಾನೆ. ನಮ್ಮ ಕಾಲೇಜಿನಲ್ಲಾಗಿದ್ದರೆ ಪ್ರಿನ್ಸಿಪಾಲರ ಕೋಣೆಗೆ ಹೋಗುತ್ತಿದ್ದ ವಿಷಯ ಅದು, ಹಿನ್ನೆಲೆ ಸಂಗೀತ ಹಾಕಿ ತೋರಿಸುವಂಥದ್ದಲ್ಲ. ಓದು, ಆಟ, ಅಡುಗೆ ಎಲ್ಲದರಲ್ಲೂ ಅವನೇ ಮುಂದು, ಕಷ್ಟ ಬಂದಾಗಲೆಲ್ಲ ಕೊನೆಗೆ ಅವನೇ ಹಾಜರು. ಐಕಿಡೋ ಕಲಿತ ಹುಡುಗಿಯನ್ನು ಇಷ್ಟು ಸಲ ಕಾಪಾಡಬೇಕಿತ್ತೇ?

ಹಾಗಾದರೆ ಅವಳ ಗಟ್ಟಿತನ ಎಲ್ಲಿದೆ? ಗದರುವುದರಲ್ಲಂತೂ ನನಗೆ ಕಾಣಲಿಲ್ಲ. ಶಾಲೆಯ ಹಬ್ಬದ ಕಂತು ನೆನಪಿಸಿಕೊಳ್ಳಿ. ಹುಡುಗಿಯರ ಪರವಾಗಿಯೇ ನಿಂತು ಹುಡುಗರ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ, ಅವರು ಸಿಟ್ಟಿಗೇಳುತ್ತಾರೆ. ಆಮೇಲೆ ತಪ್ಪು ತನ್ನದೂ ಇದೆ ಎಂದು ಅವಳಿಗೇ ಅರಿವಾಗುತ್ತದೆ. ಅಷ್ಟು ಜನರ ಮುಂದೆ ಜೋರು ಮಾಡಿದವಳು ಅದೇ ಜನರ ಮುಂದೆ ತಗ್ಗುವುದು ಸುಲಭವಲ್ಲ. ಇನ್ನೊಂದು, ಮಿಯಾಬಿಗಾವೊಕಾ ಎಂಬ ಶ್ರೀಮಂತರ ಶಾಲೆಯ ಇಗರಾಶಿ ಅವಳಿಗೆ ಸ್ಕಾಲರ್‌ಶಿಪ್ ಕೊಡಿಸುತ್ತೇನೆ, ನಮ್ಮಲ್ಲಿಗೆ ಬಾ ಎನ್ನುತ್ತಾನೆ. ಮನೆಯಲ್ಲಿ ಸಾಲ ಇರುವವಳು ಅದನ್ನು ಬೇಡ ಎನ್ನುತ್ತಾಳೆ. ನಾನಾಗಿದ್ದರೆ ಒಂದು ರಾತ್ರಿಯಾದರೂ ನಿದ್ದೆಗೆಡುತ್ತಿದ್ದೆ.

ದ್ವಿತೀಯ ಪಿಯುಸಿಯ ಅಕೌಂಟೆನ್ಸಿಯಲ್ಲಿ ಪಾಲುದಾರನ ನಿವೃತ್ತಿ ಎಂಬ ಪಾಠವಿದೆ. ಹೊರಗೆ ಹೋಗುವವನು ಲೆಕ್ಕ ಚುಕ್ತಾ ಮಾಡಿಕೊಂಡೇ ಹೋಗಬೇಕು. ಮಿಸಾಕಿಯ ಅಪ್ಪ ಹಾಗೆ ಮಾಡಲಿಲ್ಲ, ಹೊಣೆ ಉಳಿದವರ ತಲೆಗೆ ಬಂತು. ಆ ಹೊಣೆಯನ್ನು ದುಡಿದು ತೀರಿಸಲು ಹೊರಟವಳು ಅವಳು. ಹಾಗಿದ್ದೂ ನಾಚಿಕೆಯೂ ಅವಳದ್ದೇ! ಏಪ್ರನ್ ಕಟ್ಟಿದ್ದು ಗೊತ್ತಾದರೆ ಯಾರೂ ತನ್ನ ಮಾತು ಕೇಳುವುದಿಲ್ಲ ಎಂದು ಹೆದರುತ್ತಾಳೆ. ರಾತ್ರಿ ಓದು, ಹಗಲು ಸಂಘದ ಕೆಲಸ, ಸಂಜೆ ಹೋಟೆಲು ಎಂದು ಒಬ್ಬಳೇ ಹೊತ್ತು ಹುಷಾರು ತಪ್ಪುತ್ತಾಳೆ. ಇದನ್ನು ಅನಿಮೆ ಅವಳ ಗಟ್ಟಿತನ ಎಂಬಂತೆ ತೋರಿಸುತ್ತದೆ, ನನಗೆ ಅದು ಅವಳ ದೊಡ್ಡ ತಪ್ಪು ಅನಿಸುತ್ತದೆ. ನೋಡಿ, ಮೂವರು ಪೆದ್ದು ಹುಡುಗರಿಗೂ ಗುಟ್ಟು ತಿಳಿಯುತ್ತದಲ್ಲ? ಅವರು ಆ ಹೋಟೆಲಿನ ಕಾಯಂ ಗಿರಾಕಿಗಳಾಗುತ್ತಾರೆ. ಆಕಾಶವೇನೂ ಕಳಚಿ ಬೀಳುವುದಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೊಂದು ಕಾರಣವಿದೆ. ಕಳೆದ ವರ್ಷ ಅಬ್ಬುವಿನ ಅಂಗಡಿ ಮುಚ್ಚಿತು. ಅಬ್ಬು ಎಲ್ಲೂ ಓಡಿಹೋಗಲಿಲ್ಲ, ಈಗ ಬೇರೆಯವರ ಅಂಗಡಿಯಲ್ಲಿ ನಿಲ್ಲುತ್ತಾರೆ. ಅಮ್ಮಿ ಮತ್ತು ನಾನು ಸೀರೆಗೆ ಕುಚ್ಚು ಕಟ್ಟುತ್ತೇವೆ. ಒಂದು ಸೀರೆಗೆ 150 ರೂಪಾಯಿ, ಮಣಿ ಹಾಕಿದರೆ ಸ್ವಲ್ಪ ಜಾಸ್ತಿ. ರೇಷ್ಮೆ ನೂಲು ಎಳೆದೆಳೆದು ನನ್ನ ಬೆರಳ ತುದಿ ಒಡೆದಿರುತ್ತದೆ. ಪಕ್ಕದಲ್ಲಿ ಕೂರುವವಳು ಏನಾಯಿತೇ ಎಂದು ಕೇಳಿದಾಗ ಬಿಸಿ ತವಾ ತಾಗಿತು ಎಂದೆ. ಹೋಮ್‌ವರ್ಕ್ ಮುಗಿಸದ ದಿನ ಮೇಡಂ ಹತ್ತಿರ ತಲೆನೋವು ಎಂದೆ. ಮದುವೆ ಸೀಸನ್ನಿನಲ್ಲಿ ನನಗೆ ಎಷ್ಟು ಸಲ ತಲೆನೋವು ಬಂದಿದೆ ಎಂದು ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಹೀಗಿದ್ದ ನಾನು, ಮಿಸಾಕಿ ಅಷ್ಟು ಸುಳ್ಳು ಹೇಳುವುದನ್ನು ನೋಡಿ, ಅಯ್ಯೋ ಹುಚ್ಚಿ, ಹೇಳಿಬಿಡಬಾರದಾ ಎಂದು ಮೊಬೈಲಿಗೆ ಬೈಯುತ್ತಿದ್ದೆ.

ಇದನ್ನು ಇಲ್ಲಿ ಬರೆಯಲೇ ಎಂದು ಅಮ್ಮಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರಿ, ಆದರೆ ಮೂಲೆಯ ಮನೆಯವರ ಹಸಿರು ಸೀರೆ ನಾಳೆ ಕೊಡಬೇಕು, ಅದು ಮುಗಿಸಿ ಬರಿ ಎಂದರು. ಮುಗಿಸಿಯೇ ಬರೆದಿದ್ದೇನೆ. ಪಕ್ಕದಲ್ಲಿ ಕೂರುವವಳೇ, ಅದು ತವಾ ಅಲ್ಲ. ನಿನ್ನ ಅಕ್ಕನ ಮದುವೆ ಸೀರೆಗಳು ಇನ್ನೂ ಯಾರಿಗೂ ಕೊಟ್ಟಿಲ್ಲದಿದ್ದರೆ ನಮ್ಮ ಮನೆಗೆ ಕಳಿಸು.